ಕೊಳದ ಕಟ್ಟೆಯ ಮೇಲೆ ಒಂಟಿ ಬೂಟು

ಎರಡೂ ಚಪ್ಪಲಿಗಳನ್ನು ಒಂದೇ ಕಡೆ ಬಿಡುವ ಧೈರ್ಯ ನನಗಿಲ್ಲ. ದೇವಸ್ಥಾನವಿರಲಿ, ಮದುವೆ ಮನೆಯಿರಲಿ, ಎಡಗಾಲಿನದನ್ನು ಒಂದು ಕಂಬದ ಮರೆಗೆ, ಬಲಗಾಲಿನದನ್ನು ಇನ್ನೊಂದು ಮೂಲೆಗೆ ಬಿಟ್ಟೇ ಒಳಗೆ ಹೋಗುವವನು ನಾನು. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಇದು ಸ್ವಂತ ಅನುಭವದಿಂದ ಹುಟ್ಟಿದ್ದು. ಒಮ್ಮೆ ಕಡುಬೇಸಿಗೆಯಲ್ಲಿ ವಿರೂಪಾಕ್ಷನ ದರ್ಶನ ಮುಗಿಸಿ ಹೊರಗೆ ಬಂದರೆ ಹೊಸ ಚಪ್ಪಲಿ ಮಾಯ. ಮಧ್ಯಾಹ್ನದ ಹೊತ್ತಿಗೆ ಹಂಪಿ ಬಜಾರಿನ ಕಲ್ಲು ಹೇಗೆ ಕಾದಿರುತ್ತದೆಂದು ಅಲ್ಲಿ ಬರಿಗಾಲಲ್ಲಿ ನಡೆದವರೇ ಬಲ್ಲರು. ನಾನು ನಡೆಯಲಿಲ್ಲ, ಕುಣಿದೆ. ಬಾಳೆಹಣ್ಣು ಮಾರುತ್ತಿದ್ದ ಅಜ್ಜಿಯೊಬ್ಬಳು, "ಹೋಗ್ಲಿ ಬಿಡ್ರಿ, ಚಪ್ಲಿ ಹೋದ್ರ ಪೀಡಾ ಹೋದಂಗ" ಎಂದು ಸಮಾಧಾನ ಹೇಳಿದಳು. ಪೀಡೆ ಹೋಯಿತೋ ಇಲ್ಲವೋ, ಅಂಗಾಲಿನ ಚರ್ಮವಂತೂ ಹೋಯಿತು.

ನನ್ನ ಹೆಂಡತಿ ಗಿರಿಜಾಗೆ ಈ ಸಿದ್ಧಾಂತ ಕಂಡರಾಗದು. ದರ್ಶನಕ್ಕೆ ಹಿಡಿಯುವ ಹೊತ್ತಿಗಿಂತ ಎರಡು ಚಪ್ಪಲಿ ಹುಡುಕುವ ಹೊತ್ತೇ ಹೆಚ್ಚು ಎಂಬುದು ಅವಳ ದೂರು. "ದೇವ್ರ ಮುಂದ ನಿಂತು ಚಪ್ಲಿ ಧ್ಯಾನ ಮಾಡ್ತೀರಿ" ಎನ್ನುತ್ತಾಳೆ. ಸುಳ್ಳಲ್ಲ. ಆದರೆ ಚಪ್ಪಲಿಯನ್ನು ಹೊಸ್ತಿಲಾಚೆ ಬಿಡಲು ಕಲಿಸಿದವಳೂ ಅವಳೇ. ಸಂಡೂರಿನ ಗಣಿ ಕಚೇರಿಯಲ್ಲಿ ಕೆಲಸ ಮಾಡಿ ಸಂಜೆ ಹೊಸಪೇಟೆಗೆ ಬರುತ್ತಿದ್ದ ನನ್ನ ಕಾಲು, ಪ್ಯಾಂಟು, ಬೂಟು ಎಲ್ಲವೂ ಒಂದೇ ಕೆಂಪು. ಕಂಪ್ಲಿಯ ಗದ್ದೆಯ ಕರಿಮಣ್ಣನ್ನೇ ಮನೆಯೊಳಗೆ ಬಿಟ್ಟುಕೊಳ್ಳದ ಮನೆತನದ ಹೆಣ್ಣು ಅವಳು. ಸಂಡೂರಿನ ಕೆಂಪು ಧೂಳನ್ನು ಬಿಟ್ಟುಕೊಳ್ಳುತ್ತಾಳೆಯೇ? ಹೀಗೆ ನಿವೃತ್ತಿಯವರೆಗೆ ಪಳಗಿದ ಕಾಲುಗಳು ನನ್ನವು. ಹೊಸ್ತಿಲು ಕಂಡರೆ ನನ್ನನ್ನು ಕೇಳದೆ ಬೂಟು ಕಳಚುತ್ತವೆ.

ಇಂಥ ಕಾಲುಗಳನ್ನು ಹೊತ್ತು ಹೋದ ವರ್ಷ ಇಂಗ್ಲೆಂಡಿಗೆ ಹೋದೆ. ಗಿರಿಜಾಳ ತಂಗಿ ಸುಧಾ ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಗಂಡ, ಅಂದರೆ ನನ್ನ ಷಡ್ಡಕ, ಒಂದು ಭಾನುವಾರ ನಮ್ಮನ್ನು ಹಳೆಯ ಸಾಹುಕಾರನೊಬ್ಬನ ಹಳ್ಳಿ ಮನೆ ತೋರಿಸಲು ಹೊರಡಿಸಿದ. ಹಳ್ಳಿ ಮನೆ ಎಂದಾಗ ನಾನು ಪಾಪಿನಾಯಕನಹಳ್ಳಿಯಲ್ಲಿರುವ ಗೆಳೆಯನ ಮನೆಯಂತೆ ಒಂದು ಪಡಸಾಲೆ, ಎರಡು ಎಮ್ಮೆ, ಒಂದು ಬಣವೆ ಇರಬಹುದೆಂದುಕೊಂಡಿದ್ದೆ. ಹೋಗಿ ನೋಡಿದರೆ ಇಡೀ ಪಾಪಿನಾಯಕನಹಳ್ಳಿಯೇ ಅದರೊಳಗೆ ಆರಾಮಾಗಿ ಮಲಗಬಹುದಿತ್ತು. ನಾನು ಹೊಸಪೇಟೆಯಲ್ಲಿ ಕೊಂಡ ಬೂಟು ಆ ಊರಿನ ಮಳೆಗೆ ಬಾಯಿ ಬಿಟ್ಟಿದ್ದರಿಂದ ಷಡ್ಡಕನ ಕಂದು ಬೂಟು ನನ್ನ ಕಾಲಲ್ಲಿತ್ತು. ಅದನ್ನು ಅವನು ತಾನೇ ಕೂತು ಪಾಲಿಶ್ ಮಾಡುತ್ತಾನೆ. ಕೊಡುವಾಗ "ಜ್ವಾಕಿ ಅಣ್ಣಾರ, ಭಾಳ ತುಟ್ಟಿ ಬೂಟು" ಎಂದಿದ್ದ. ಮನೆಯನ್ನು ಅವನು ಹಿಂದೆಯೇ ನೋಡಿದ್ದನಾದ್ದರಿಂದ ಚಹಾದಂಗಡಿಯಲ್ಲಿ ಕೂತ. ಅಕ್ಕತಂಗಿಯರು ಮಾತಾಡುತ್ತ ಒಳಗೆ ನಡೆದರು.

ನಾನು ಬಾಗಿಲಲ್ಲಿ ನಿಂತೆ. ಒಳಗೆ ಕನ್ನಡಿಯಂತೆ ಹೊಳೆಯುವ ಮರದ ನೆಲ, ಅದರ ಮೇಲೆ ನಮ್ಮ ಓಣಿಯಷ್ಟು ಅಗಲದ ರತ್ನಗಂಬಳಿ. ಎಲ್ಲರೂ ಬೂಟು ಹಾಕಿಕೊಂಡೇ ಅದರ ಮೇಲೆ ಓಡಾಡುತ್ತಿದ್ದರು. ನನ್ನ ಕಾಲುಗಳು ಒಪ್ಪಲಿಲ್ಲ. ಬೂಟು ಕಳಚಿದ ಮೇಲೆ ಸಿದ್ಧಾಂತ ನೆನಪಾಯಿತು, ಅದೂ ಷಡ್ಡಕನ ಬೂಟು. ಒಂದನ್ನು ಬಾಗಿಲ ಪಕ್ಕದ ದೊಡ್ಡ ಹೂಕುಂಡದ ಹಿಂದೆ ಬಚ್ಚಿಟ್ಟೆ. ಇನ್ನೊಂದಕ್ಕೆ ಜಾಗ ಹುಡುಕಿದರೆ ಎಲ್ಲೆಲ್ಲೂ ಒದ್ದೆ ಹುಲ್ಲು. ಎದುರಿಗಿದ್ದ ಕೊಳದ ಕಲ್ಲುಕಟ್ಟೆ ಮಾತ್ರ ಒಣಗಿತ್ತು. ಅಲ್ಲಿಟ್ಟು ಬಂದೆ. ಬಾಗಿಲಲ್ಲಿ ಪ್ರವೇಶದ ಚೀಟಿ ನೋಡುತ್ತಿದ್ದವರು ನನ್ನ ಕಾಲುಚೀಲವನ್ನೂ ಅದರ ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳನ್ನೂ ನೋಡಿ ಮುಗುಳ್ನಕ್ಕರು. ಏಕೆಂದು ಕೇಳಲಿಲ್ಲ. ನಮ್ಮ ಹೊಸಪೇಟೆಯಾಗಿದ್ದರೆ ಹತ್ತು ಜನ ಕೇಳಿ, ಹನ್ನೊಂದನೆಯವನು ಉತ್ತರ ಹೇಳಿ, ಮುಂದಿನ ಅನಾಹುತ ಅಲ್ಲೇ ತಪ್ಪುತ್ತಿತ್ತು.

ಮನೆ ಚೆನ್ನಾಗಿತ್ತು. ಊಟದ ಮೇಜಿನ ಮೇಲೆ ತಟ್ಟೆ ಬಟ್ಟಲು ಇಟ್ಟಿದ್ದರು, ಉಣ್ಣುವವರಿರಲಿಲ್ಲ. ಮಂಚದ ಸುತ್ತ ಹಗ್ಗ ಕಟ್ಟಿದ್ದರು, ಮಲಗುವವರಿರಲಿಲ್ಲ. ನಮ್ಮ ಹಂಪಿಯಲ್ಲಿ ಅರಮನೆ ಇದ್ದ ಕಡೆ ಕಟ್ಟೆ ಮಾತ್ರ ಉಳಿದಿದೆ. ಗೋಡೆ, ಮಾಳಿಗೆ, ರಾಣಿಯರನ್ನೆಲ್ಲ ನಾವೇ ಕಲ್ಪಿಸಿಕೊಳ್ಳಬೇಕು. ಇಲ್ಲಿ ಎಲ್ಲವೂ ಇದ್ದು ಕಲ್ಪನೆಗೆ ಕೆಲಸವೇ ಇಲ್ಲ. "ಇಷ್ಟು ರೂಮು ಯಾರು ಕಸ ಹೊಡೀತಾರಬೇ?" ಎಂದು ಗಿರಿಜಾ ತಂಗಿಯನ್ನು ಕೇಳುತ್ತಿದ್ದುದು ಕೇಳಿಸಿತು. ನಮಗೆ ಬರೀ ಕಟ್ಟೆ ಉಳಿದದ್ದೇ ಒಳ್ಳೆಯದಾಯಿತೇನೋ ಅನಿಸಿತು. ಅವರಿಬ್ಬರೂ ಅಡುಗೆಮನೆ ನೋಡಲು ಇಳಿದರು, ನಾನು ಮಹಡಿ ಹತ್ತಿದೆ.

ಮಹಡಿಯ ಕಿಟಕಿಯಿಂದ ನೋಡಿದರೆ ಕೊಳದ ಸುತ್ತ ಜನ. ಒಬ್ಬ ಉದ್ದನೆಯ ಗಳದಿಂದ ನೀರು ಕೆದಕುತ್ತಿದ್ದ, ಇನ್ನೊಬ್ಬ ಹಗ್ಗ ತಂದ. ಗುಂಪು ಕಂಡ ಮೇಲೆ ನಿಂತು ನೋಡದೆ ಹೋಗುವುದು ನಮ್ಮ ಊರಿನವರ ರಕ್ತದಲ್ಲಿಲ್ಲ. ಕಾಲುಚೀಲದಲ್ಲೇ ಓಡಿಬಂದು ಜನರ ನಡುವೆ ನುಗ್ಗಿ ಏನಾಯಿತೆಂದು ಕೇಳಿದೆ. ಬೆಳ್ಳಿಗೂದಲಿನ ಹೆಂಗಸೊಬ್ಬರು ನಡುಗುವ ದನಿಯಲ್ಲಿ, ಯಾರೋ ನೀರಿಗೆ ಬಿದ್ದಿರಬೇಕು ಎಂದರು. ಲೊಚಗುಟ್ಟಿದೆ. ವಯಸ್ಸಾದವರೋ ಹುಡುಗರೋ, ಜೊತೆಗೆ ಯಾರಾದರೂ ಬಂದಿದ್ದಾರೋ ಎಂದು ವಿಚಾರಿಸಿದೆ. ಪಾಪ, ಹೆಂಡತಿ ಮಕ್ಕಳ ಗತಿ ಏನು ಎಂದು ನಿಜವಾಗಿ ಮರುಗಿದೆ. ಗೊತ್ತಿಲ್ಲ, ಇದೊಂದೇ ಸಿಕ್ಕಿದ್ದು ಎಂದು ಅವರು ಬೆರಳು ತೋರಿಸಿದರು. ಕಟ್ಟೆಯ ಮೇಲೆ ಷಡ್ಡಕನ ಬೂಟು ಬೆಳಗ್ಗೆಯ ಪಾಲಿಶಿನಲ್ಲಿ ಹೊಳೆಯುತ್ತಿತ್ತು.

ಮುಳುಗಿದವನು ನಾನೇ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಡವರಿಸುತ್ತಿರುವಾಗ ಹಿಂದಿನಿಂದ ಕಂಪ್ಲಿಯ ಕನ್ನಡ ಕೇಳಿಸಿತು. "ಅಯ್ಯೋ ಸುಧಾ, ನಮ್ಮನಿಯವ್ರ ಬೂಟಬೇ ಅದು." ಗಿರಿಜಾ ಸೀರೆ ಎತ್ತಿ ಹಿಡಿದು ಓಡಿಬರುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಮುಖವನ್ನು ಹಾಗೆ ನಾನು ಕಂಡಿರಲಿಲ್ಲ. ಅಲ್ಲಿದ್ದವರಿಗೆ ಕನ್ನಡ ಬಾರದಿದ್ದರೂ ಎಲ್ಲ ತಿಳಿಯಿತು. ಒಬ್ಬ ಕೋಟು ಬಿಚ್ಚಿ ನೀರಿಗಿಳಿಯಲು ಸಿದ್ಧನಾದ.

"ಗಿರಿಜಾ, ನಾನು ಇಲ್ಲೇ ಅದೀನಿ" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಕಾಲುಚೀಲ ನೋಡಿದಳು. ಎಲ್ಲವೂ ಅರ್ಥವಾಯಿತು. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ನನ್ನ ಅಂಗಿಯ ತೋಳು ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದು, "ಭಾಳ ಹೆದರಿದ್ದೆ ನೋಡ್ರಿ" ಎಂದಳು.

ಗಳ ಹಿಡಿದವನು ಗಳ ಕೆಳಗಿಟ್ಟು ನಕ್ಕ, ಕೋಟು ಬಿಚ್ಚಿದವನು ಮತ್ತೆ ತೊಟ್ಟುಕೊಂಡ. ಬೆಳ್ಳಿಗೂದಲಿನಾಕೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ನೀವು ಬದುಕಿದ್ದೀರಿ, ಅಷ್ಟೇ ಸಾಕು ಎಂದರು. ಬೂಟು ಏಕೆ ಅಲ್ಲಿಟ್ಟಿರಿ ಎಂದು ಕೊನೆಗೂ ಒಬ್ಬರು ಕೇಳಿದರು. ನಿಮ್ಮಲ್ಲಿ ಕಳ್ಳರಿರಬಹುದೆಂಬ ಭಯಕ್ಕೆ ಎಂದು ಹೇಗೆ ಹೇಳಲಿ? ನಮ್ಮ ಕಡೆಯ ಪದ್ಧತಿ ಎಂದೆ. ಬೆಳ್ಳಿಗೂದಲಿನಾಕೆ ಭಕ್ತಿಯಿಂದ ತಲೆದೂಗಿದರು. ಭಾರತೀಯರು ದೊಡ್ಡ ಮನೆಗೆ ಹೋದರೆ ಒಂದು ಬೂಟನ್ನು ಜಲದೇವತೆಗೆ ಒಪ್ಪಿಸುತ್ತಾರೆಂದು ಈಗ ಬಂದವರಿಗೆಲ್ಲ ಹೇಳುತ್ತಿರಬಹುದು. ಎರಡೂ ಬೂಟುಗಳನ್ನು ಷಡ್ಡಕನಿಗೆ ಒಪ್ಪಿಸಿದಾಗ ಅವನು ತಿರುಗಿಸಿ ಮುರುಗಿಸಿ ನೋಡಿ, ಗೀರಿಲ್ಲವೆಂದು ಉಸಿರು ಬಿಟ್ಟ.

ಊರಿಗೆ ಬಂದ ಮೇಲೆ ವಿರೂಪಾಕ್ಷನಿಗೆ ಕಾಯಿ ಒಡೆಸಲು ಹೋದೆವು. ಗಿರಿಜಾಳದೇ ಹರಕೆ, ಯಾವಾಗ ಹೊತ್ತಳೆಂದು ನಾನು ಕೇಳಲಿಲ್ಲ. ಅಭ್ಯಾಸದಂತೆ ಒಂದು ಚಪ್ಪಲಿ ಬಿಟ್ಟು ಇನ್ನೊಂದಕ್ಕೆ ಮೂಲೆ ಹುಡುಕುತ್ತಿದ್ದೆ. ಅವಳು ಅದನ್ನು ನನ್ನ ಕೈಯಿಂದ ಕಸಿದುಕೊಂಡು ಮೊದಲನೆಯದರ ಪಕ್ಕದಲ್ಲೇ ಇಟ್ಟು, "ಎರಡೂ ಕೂಡೇ ಇರ್ಲಿ" ಎಂದಳು.

ಹೊರಗೆ ಬಂದಾಗ ನಡುಮಧ್ಯಾಹ್ನ. ಅವಳ ಚಪ್ಪಲಿ ಇತ್ತು, ನನ್ನವು ಇರಲಿಲ್ಲ. ಸಿದ್ಧಾಂತ ಗೆದ್ದಿತ್ತು, ಹೇಳಲು ಬಾಯಿ ತೆರೆದೆ. ಅವಳು ಖಾಲಿ ಜಾಗ ನೋಡಿ, ನನ್ನನ್ನು ನೋಡಿ, "ಇರ್ಲಿ ಬರ್ರಿ. ನೀವು ಅದೀರಲ್ಲ" ಎಂದಳು.

ಕಲ್ಲು ಕೆಂಡದಂತೆ ಕಾದಿತ್ತು. ಕುಣಿಯದೆ ನಡೆದೆ.