ಎಲ್ಲವನ್ನೂ ತೋರಿಸಿದ ಲೆನ್ಸು

ಹಳೆಯ ಲೆನ್ಸು ಬೇಡವೆಂದು ನನಗೆ ತಲೆಕೆಟ್ಟದ್ದು ಅರವತ್ತರ ದಶಕದ ಶುರುವಿನಲ್ಲಿ. ಯಶವಂತಪುರದ ಸ್ಟೇಷನ್ನಿನ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ. ಹಿಂದುಗಡೆ ಕತ್ತಲೆ ಕೋಣೆ, ಅದರಲ್ಲಿ ಫೋಟೋ ದೊಡ್ಡದು ಮಾಡುವ ಎನ್ಲಾರ್ಜರ್. ಅದಕ್ಕಿದ್ದ ಲೆನ್ಸಿನಲ್ಲಿ ಪ್ರಿಂಟು ತೆಗೆದರೆ ಎಲ್ಲವೂ ಸ್ವಲ್ಪ ಮಬ್ಬು, ಮೂಲೆಗಳಂತೂ ಪೂರ್ತಿ ಮಂಜು. ಗಿರಾಕಿಗಳು ಯಾರೂ ದೂರುತ್ತಿರಲಿಲ್ಲ. ದೂರುತ್ತಿದ್ದವನು ನಾನೊಬ್ಬನೇ, ಯಾವುದರಲ್ಲೂ ಕೊರತೆ ಹುಡುಕುವ ಚಾಳಿ ನನ್ನದು.

ಪೇಟೆಯ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಜರ್ಮನ್ ಲೆನ್ಸು ಬಂದಿದೆಯೆಂದು ಕೇಳಿ, ಜೇಬಿನಲ್ಲಿ ಒಂದು ನೆಗೆಟಿವ್ ಇಟ್ಟುಕೊಂಡು ಹೋದೆ. ಬಲ್ಬಿಗೆ ಹಿಡಿದು ಒಳಗೆ ಬೂಷ್ಟು ಕಟ್ಟಿದೆಯೇ ಎಂದು ನೋಡಿದೆ. ಅಂಗಡಿಯವರ ಎನ್ಲಾರ್ಜರಿಗೇ ಹಾಕಿಸಿ, ಬಿಳಿ ಕಾಗದದ ಮೇಲೆ ಬಿಂಬ ಬೀಳಿಸಿ, ನಾಲ್ಕು ಮೂಲೆಗಳನ್ನೂ ಭೂತಗನ್ನಡಿಯಲ್ಲಿ ಪರೀಕ್ಷೆ ಮಾಡಿದೆ. ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತಿತ್ತು. ಅಂಗಡಿಯ ಮುದುಕರು, “ಇದು ಏನನ್ನೂ ಮುಚ್ಚಿಡಲ್ಲ ಕಣ್ರೀ. ಮುಖದ ಕೆಲಸಕ್ಕೆ ಹಳೇದೂ ಇರ್ಲಿ,” ಎಂದರು. ಕೇಳಿಸಿಕೊಳ್ಳುವ ತಾಳ್ಮೆ ನನಗೆಲ್ಲಿತ್ತು?

ಆ ವಾರವೇ ಮತ್ತಿಕೆರೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹದಿನಾರರ ಹುಡುಗಿ, ಮುಖದ ತುಂಬ ಸಿಡುಬಿನ ಕಲೆ. ಸೆರಗನ್ನು ಕೆನ್ನೆಗೆ ಅಡ್ಡ ಹಿಡಿದೇ ನಿಂತಿದ್ದಳು. ಅವಳು ಹುಟ್ಟಿದ ವರ್ಷವೇ ತಾಯಿ ತೀರಿಕೊಂಡಿದ್ದಳಂತೆ. ಯಾರೋ ಮಿಲಿಟರಿಯವರು ತೆಗೆದುಕೊಟ್ಟಿದ್ದ ಒಂದೇ ಒಂದು ನೆಗೆಟಿವ್ ಉಳಿದಿತ್ತು. ಅದರಲ್ಲಿ ತಾಯಿಯ ಮುಖ ಅವರೆಕಾಳಿನಷ್ಟು.

“ಇವ್ಳು ಅವ್ವನ ಮುಖ ಕಂಡೋಳಲ್ಲ ಸ್ವಾಮಿ. ಎಂಗಿದ್ಲೋ ಅಂಗೇ ದೊಡ್ದಾಗಿ ಮಾಡ್ಕೊಡಿ,” ಎಂದರು ತಂದೆ.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹೊಸ ಲೆನ್ಸಿನಲ್ಲಿ ಒಂದು ಪ್ರಿಂಟು ತೆಗೆದೆ. ಡೆವಲಪರ್ ದ್ರಾವಣದಲ್ಲಿ ಮುಖ ಮೆಲ್ಲಗೆ ಮೂಡಿತು. ಹಣೆ, ಕೆನ್ನೆ, ಮೂಗಿನ ಮೇಲೆಲ್ಲ ಸಿಡುಬಿನ ಗುಳಿಗಳು, ಥೇಟ್ ಮಗಳ ಮುಖದಲ್ಲಿದ್ದ ಹಾಗೆಯೇ.

ಹಳೆಯ ಲೆನ್ಸು ಹಾಕಿದ್ದರೆ ಅವು ತಾವಾಗಿ ಮಾಸುತ್ತಿದ್ದವು, ನೆಗೆಟಿವ್ ಮುಟ್ಟುವ ಅಗತ್ಯವೇ ಇರಲಿಲ್ಲ. ಆಸೆಪಟ್ಟು ತಂದದ್ದನ್ನು ಬಿಚ್ಚಿಡಲು ಜಂಬ ಬಿಡಲಿಲ್ಲ. ಆಗೆಲ್ಲ ಸ್ಟುಡಿಯೋದವರು ಯಾರ ಮುಖವನ್ನೂ ಇದ್ದ ಹಾಗೆ ಕೊಡುತ್ತಿರಲಿಲ್ಲ. ಅದರಲ್ಲೂ ಗೋಡೆಗೆ ಹಾಕಿ ಹೂವಿಡುವ ಫೋಟೋವನ್ನು ತಿದ್ದದೆ ಕೊಟ್ಟರೆ, ಕೆಲಸ ಬಾರದವನು ಎನ್ನುತ್ತಿದ್ದರು. ನೆಗೆಟಿವಿನ ಮೇಲೆ ಗುಳಿಗಳನ್ನು ಪೆನ್ಸಿಲಿನಿಂದ ತುಂಬಿದೆ, ಅವುಗಳ ಅಂಚನ್ನು ಚಾಕುವಿನ ಮೊನೆಯಲ್ಲಿ ಕೆರೆದೆ. ಎರಡು ದಿನ ಹಿಡಿಯಿತು. ಪೆನ್ಸಿಲ್ ಗುರುತನ್ನು ಒರೆಸಬಹುದು, ಕೆರೆದದ್ದು ಕೆರೆದದ್ದೇ. ಮತ್ತೆ ಪ್ರಿಂಟು ತೆಗೆದಾಗ ಮುಖ ಬೆಣ್ಣೆಯ ಹಾಗೆ ನುಣ್ಣಗಾಗಿತ್ತು. ಪುಣ್ಯದ ಕೆಲಸ ಮಾಡಿದೆನೆಂದು ಬೀಗಿದೆ, ಮುಠ್ಠಾಳ.

ತಂದೆಯ ಜೊತೆ ಮತ್ತೆ ಬಂದ ಹುಡುಗಿ ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಂದೆಯ ಕಡೆ ತಿರುಗಿದಳು.

“ಅವ್ವಂಗೂ ನನ್ನಂಗೇ ಕಲೆ ಇತ್ತು ಅಂತಿದ್ಯಲ್ಲಪ್ಪ.”

“ಇತ್ತು ಕಣವ್ವ. ಮುಖದ ತುಂಬ ಇತ್ತು,” ಎಂದವರು ನನ್ನ ಕಡೆ ನೋಡಿದರು.

“ಇತ್ತಮ್ಮ, ನಾನೇ ಕೆರೆದು ತೆಗೆದೆ,” ಎಂದೆ. ನೆಗೆಟಿವ್ ತಂದು ತೋರಿಸಿದೆ. ತೋರಿಸಲು ಅದರಲ್ಲಿ ಏನು ಉಳಿದಿತ್ತು? ಮೊದಲು ತೆಗೆದ ಪ್ರಿಂಟಿಗಾಗಿ ಕಸದ ಬುಟ್ಟಿಯನ್ನೆಲ್ಲ ತಡಕಾಡಿದೆ. ಪರೀಕ್ಷೆಗೆ ತಾನೇ ಎಂದು, ಚಿತ್ರ ಕಪ್ಪಾಗದಂತೆ ಉಳಿಸುವ ಹೈಪೋ ದ್ರಾವಣದಲ್ಲಿ ಅದ್ದದೆ ಎಸೆದಿದ್ದೆ. ಎರಡು ದಿನದ ಬೆಳಕಿಗೆ ಅದು ಕಪ್ಪಿಟ್ಟಿತ್ತು. ನನ್ನ ಕೈಯನ್ನು ನಾನೇ ಕಡಿದುಕೊಳ್ಳಬೇಕೆನ್ನಿಸಿತು.

ನನ್ನ ಪರದಾಟ ನೋಡಿ ಹುಡುಗಿಗೇ ಕನಿಕರ ಬಂದಿರಬೇಕು. “ಬಿಡಿ ಅಣ್ಣ. ನಂಗೆ ಬೇಜಾರಾಗ್ದಿರ್ಲಿ ಅಂತ ಅಪ್ಪ ಅಂಗೆ ಏಳ್ತಿತ್ತು. ಈಗ ನೀವೂ ಅಂಗೇ ಏಳ್ತಿದ್ದೀರ,” ಎಂದಳು.

ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಮಗಳಿಗೆ ಒಂದು ದಿನವೂ ಸುಳ್ಳು ಹೇಳದ ಆ ತಂದೆ, ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿಕೊಂಡು ಅವಳ ಹಿಂದೆ ನಡೆದರು.