ರಾಜಾ ಬೊಗಳಿದ್ದಕ್ಕೆ ಹೋದ ಕೆಲಸ

ನಾಯಿ ಬೊಗಳಿತೆಂದು ಮನುಷ್ಯರನ್ನು ಕೆಲಸದಿಂದ ತೆಗೆಯುವವರೂ ಇದ್ದಾರೆ. ರಾಯಾಪುರದ ಒಂದು ಮನೆಯಲ್ಲಿ ಶಾಂತವ್ವ ಆರು ವರ್ಷದಿಂದ ಪಾತ್ರೆ-ಭಾಂಡೆ ತಿಕ್ಕುತ್ತಿದ್ದಳು. ಅವಳ ಕೈಯಿಂದ ರೊಟ್ಟಿ ತಿಂದೇ ಬೆಳೆದ ರಾಜಾ ಎಂಬ ನಾಯಿ ಒಂದು ವಾರದಿಂದ ಅವಳನ್ನು ಕಂಡರೆ ಬೊಗಳತೊಡಗಿತ್ತು. ಯಜಮಾನರು ನಾಳೆಯಿಂದ ಬರಬೇಡ ಎಂದುಬಿಟ್ಟರು.

ಮನೆಗೆಲಸದವರ ಸಂಘದಿಂದ ಜಗಳಕ್ಕೆಂದೇ ನಾನು ಅವಳ ಜೊತೆ ಹೋದೆ. ನಾಯಿಯೆಂದರೆ ನನಗೆ ಅಂಜಿಕೆ. ರಾಜಾ ಮಾತ್ರ ಅವಳಿಗೆ ಬೊಗಳಿ, ನನ್ನ ಚಪ್ಪಲಿ ಮೂಸಿ, ಕಾಲ ಮೇಲೆ ತಲೆಯಿಟ್ಟು ಮಲಗಿತು.

"ನೋಡ್ರಿ, ನೀವು ಒಳ್ಳೇವ್ರು ಅಂತ ಅದಕ್ಕ ತಿಳೀತು. ಇಕಿ ಏನೋ ಕದ್ದಿರಬೇಕು, ಅದೂ ತಿಳದದ," ಎಂದರು ಯಜಮಾನರು.

"ನಿಮ್ಮ ಮ್ಯಾಲೆ ಅರ್ಜಿ ಬರಕೊಂಡು ಬಂದೇನ್ರಿ. ಅದು ತಿಳೀಲಿಲ್ಲೇನ್ರಿ ಅದಕ್ಕ?" ಎಂದೆ.

ಅವರು ಸಿಟ್ಟಿನಿಂದ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನ ಕಡೆ ನಡೆದರು. ರಾಜಾ ಜಿಗಿದೆದ್ದು ಒಡೆಯರ ಮೇಲೆಯೇ ಬೊಗಳುತ್ತಾ ಏರಿ ಹೋಯಿತು.

"ಹೆಲ್ಮೆಟ್ ತಗೀರಿ ಸರ! ಮಾರಿ ಕಾಣ್ಲಿಲ್ಲಂದ್ರ ಅಂಜತೈತಿ ಅದು," ಎಂದು ಕೂಗಿದ ಶಾಂತವ್ವ ಗಕ್ಕನೆ ನಿಂತಳು. ಆಮೇಲೆ ತನ್ನ ಮುಖಕ್ಕೆ ಸುತ್ತಿದ್ದ ವಸ್ತ್ರ ಬಿಚ್ಚಿದಳು. ಹಲ್ಲುನೋವಿಗೆ ಕೆನ್ನೆ ಊದಿತ್ತು, ಅದನ್ನು ಮುಚ್ಚಲೆಂದೇ ಆ ವಸ್ತ್ರ. ರಾಜಾ ಹತ್ತಿರ ಬಂದು ಮೂಸಿ, ಬಾಲ ಅಲ್ಲಾಡಿಸಿತು.

ಆ ವಸ್ತ್ರವನ್ನು ನಾನೂ ವಾರದಿಂದ ನೋಡಿದ್ದೆ. ಯಾಕೆ ಎಂದು ಕೇಳಿರಲಿಲ್ಲ.

ಕೆಲಸ ಉಳಿಯಿತು. ಹಲ್ಲು ತೋರಿಸಿಕೊಳ್ಳಲು ಅವಳಿಗೆ ಎರಡು ದಿನ ರಜೆ ಕೊಡಿ ಎಂದು ನಾನು ಕೇಳಿದಾಗ ಹೌಹಾರಿ ಕೂಗಾಡಿದ್ದು ಮಾತ್ರ ರಾಜಾ ಅಲ್ಲ.