ಅಮದಳ್ಳಿಯಲ್ಲಿ ಬಸ್ಸಿಳಿದ ಆಯಿ

ಅವರ ಮೂಗಿನ ಎಡ ಹೊಳ್ಳೆ ಸದಾ ಒಂದಿಷ್ಟು ಮೇಲಕ್ಕೆ ಎದ್ದೇ ಇರುತ್ತಿತ್ತು. ಅಲ್ಲೇ ಚುಚ್ಚಿಸಿಕೊಂಡ ಹಳೆಯ ಮೂಗುಬೊಟ್ಟು, ಹೊಳ್ಳೆ ಏರಿದಾಗಲೆಲ್ಲ ಪಕ್ಕನೆ ಮಿಂಚುತ್ತಿತ್ತು. ಎದುರಿಗೆ ನಿಂತವರಿಗೆ ತಮ್ಮ ಮೈಯಿಂದಲೇ ಏನೋ ನಾತ ಹೊಡೆಯುತ್ತಿದೆ ಅನ್ನಿಸಬೇಕು, ಹಾಗೆ ನೋಡುತ್ತಿದ್ದರು. ಮನೆ ಬಾಡಿಗೆಗೆ ಕೇಳಲು ಹೋದ ದಿನ ನಾನು ಗಂಡನ ಬೆನ್ನ ಹಿಂದೆ ಸರಿದು ಮೆಲ್ಲಗೆ ನನ್ನ ಸೆರಗನ್ನೇ ಮೂಸಿ ನೋಡಿಕೊಂಡಿದ್ದೆ.

ಕಾರವಾರದ ಆ ಓಣಿಯಲ್ಲಿ ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಮನೆಯ ಮುಂದಿನ ಅರ್ಧದಲ್ಲಿ ಮಾಲಕಿ ಆಯಿ ಒಬ್ಬರೇ, ಹಿಂದಿನ ಅರ್ಧದಲ್ಲಿ ಬಾಡಿಗೆಗೆ ನಾವು. ಆಯಿ ಹುಟ್ಟಿದ್ದು ಅಂಕೋಲೆಯ ಕೇಣಿಯಲ್ಲಿ. ಗಂಡ ಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು, ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಳು. ಹೇಸಿಕೊಳ್ಳುವುದೇ ಆಯಿಯ ಕಸುಬು ಎಂದರೂ ತಪ್ಪಿಲ್ಲ. ಮೀನಿನವಳ ಕೈಯಿಂದ ಮೀನು ತಗೊಳ್ಳುವರು, ಅವಳು ಮುಟ್ಟಿದ ಗೇಟನ್ನು ಮಾತ್ರ ಅವಳೆದುರಿಗೇ ತೊಳೆಯುವರು. ಟಿವಿಯಲ್ಲಿ ಯಾವನಾದರೂ ಭಾಷಣಕ್ಕೆ ನಿಂತರೆ 'ಥೂ, ಹಲ್ಲು ನೋಡು ಇವಂದು' ಎಂದು ಬಂದ್ ಮಾಡುವರು. ಧಾರಾವಾಹಿಯ ಸೊಸೆ ಅತ್ತರೆ ಅದೂ ಹೊಲಸು. ಓಣಿಯವರು ಬೆನ್ನ ಹಿಂದೆ ನಗುತ್ತಿದ್ದರು. ಕೊರೋನಾ ಬಂದು ಊರಿಗೆ ಊರೇ ಕೈ ತೊಳೆಯಲು ನಿಂತಾಗ ಆಯಿಗೆ ಖುಷಿಯಾಗಬೇಕಿತ್ತು. ಅದಕ್ಕೂ ಮೂಗು ಏರಿತು. "ಇಷ್ಟು ವರ್ಷ ಎಂತ ಮಾಡ್ತಿದ್ರು ಇವ್ರು? ಈಗ ನೆನಪಾತಾ ಕೈ ತೊಳೂಕೆ?"

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಅಂಕೋಲೆ ತಾಲೂಕಿನ ಅಗಸೂರಿನಲ್ಲಿ ನನ್ನಮ್ಮ ಎಲ್ಲ ಸಜ್ಜು ಮಾಡಿಟ್ಟಿದ್ದಳು. ಬಚ್ಚಲ ಹಂಡೆಗೆ ಒಣ ಕಟ್ಟಿಗೆ, ಹೊಸ ತೆಂಗಿನೆಣ್ಣೆ, ಹಳೇ ಸೀರೆ ಹರಿದು ಮಡಚಿಟ್ಟ ಬಟ್ಟೆ. ಮಗುವನ್ನೂ ನನ್ನನ್ನೂ ಮೀಯಿಸಲು ಬರುವ ಹೆಂಗಸಿಗೂ ಹೇಳಿಟ್ಟಾಗಿತ್ತು. ಕಾರವಾರದಲ್ಲಿ ಹೆರಿಗೆ, ಅಲ್ಲಿಂದ ನೇರ ಅಗಸೂರು ಎಂದು ಮಾತಾಗಿತ್ತು. ಮಗಳು ಹುಟ್ಟಿದ ವಾರವೇ ಎಲ್ಲ ಬಂದ್ ಆಯಿತು. ಗೋವಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಂಡ ಗಡಿಯ ಆಚೆಯೇ ಸಿಕ್ಕಿಬಿದ್ದ. ತವರಿನ ಕೇರಿಯ ದೊಡ್ಡವರು ಅಮ್ಮನಿಗೆ, "ಹೋಗೂದಾದ್ರೆ ಹೋಗು, ತಿರುಗಿ ಒಳಗೆ ಬಿಡೂಕಿಲ್ಲ" ಎಂದುಬಿಟ್ಟರು. ಮನೆಯಲ್ಲಿ ಲಕ್ವಾ ಹೊಡೆದು ಮಲಗಿದ ಅಪ್ಪ. ಅವನನ್ನು ಬಿಟ್ಟು ಅವಳು ಬರುವುದಾದರೂ ಹೇಗೆ? ಹೀಗಾಗಿ ಹಸಿ ಬಾಣಂತಿಯಾದ ನಾನು, ಕೂಸನ್ನು ಕಟ್ಟಿಕೊಂಡು, ಆ ಅರ್ಧ ಮನೆಯಲ್ಲಿ ಒಬ್ಬಳೇ ಉಳಿದೆ.

ಫೋನಿಗೆ ಮಾತ್ರ ಬರವಿರಲಿಲ್ಲ. ಎಲ್ಲೆಲ್ಲಿಯ ಚಿಕ್ಕಮ್ಮ, ಅತ್ತೆ, ನಾದಿನಿಯರಿಗೆಲ್ಲ ನನ್ನ ನೆನಪಾಯಿತು. ಎಲ್ಲರದ್ದೂ ಒಂದೇ ಮಾತು: "ಬಾಣಂತಿಗೆ ಹ್ಯಾಂಗೂ ಬಾಗಿಲು ಹಾಕ್ಕಂಡು ಒಳಗೆ ಕೂರೂದೇ ಅಲ್ವಾ? ನಿಂಗೆಂತ ಲಾಕ್‌ಡೌನು!" ಹೇಳಿ ನಗುವುದು ಬೇರೆ. ಈಗಲೂ ಆ ಮಾತು ನೆನೆದರೆ ನನಗೆ ಮೈ ಉರಿಯುತ್ತದೆ. ಬಾಣಂತನದಲ್ಲಿ ಬಾಗಿಲು ಹಾಕುತ್ತಾರೆ, ಹೌದು. ಆದರೆ ಬಾಗಿಲ ಒಳಗೆ ಹೆಂಗಸರಿರುತ್ತಾರೆ. ಒಬ್ಬಳು ಕೂಸನ್ನೆತ್ತುತ್ತಾಳೆ, ಒಬ್ಬಳು ಬೆನ್ನಿಗೆ ಬಿಸಿನೀರು ಸುರಿಯುತ್ತಾಳೆ, ಇನ್ನೊಬ್ಬಳು ಸುಮ್ಮನೆ ಕೂತು ಊರ ಮಾತಾಡುತ್ತಾಳೆ. ನನಗೆ ಬಾಗಿಲನ್ನಷ್ಟೇ ಕೊಟ್ಟಿದ್ದರು. ಅದರ ಮೇಲೆ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ನಡುವೆ ತಾಯಿಯೇ ದೇವರು ಎಂದು ಬರೆದ ಚಿತ್ರಗಳು. ಈ ದೇವರು ತಲೆ ಬಾಚದೆ, ಹುಳಿನಾತದ ಪೊಲಕ ತೊಟ್ಟು, ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಲ್ಲಿ ತಣ್ಣನೆ ಗಂಜಿ ತಿನ್ನುತ್ತಿತ್ತು.

ವಿಡಿಯೋ ಕಾಲ್ ಮಾಡಿ "ಕೂಸನ್ನು ತೋರಿಸು" ಎನ್ನುವರು. ತೋರಿಸುತ್ತಿದ್ದೆ. "ಎಷ್ಟು ಚಂದ!" ಎನ್ನುವರು. ಅದು ಚಂದವಿದ್ದದ್ದು ಫೋನಿನಲ್ಲಿ. ನನಗೆ ಕಾಣುತ್ತಿದ್ದದ್ದು ಕಕ್ಕಿದ ಹಾಲು, ಒಣಗದ ಬಟ್ಟೆ, ಎಷ್ಟು ತೊಳೆದರೂ ಕೈಬಿಡದ ವಾಸನೆ. ಬರಬರುತ್ತ ಅದು ಅತ್ತರೆ ನನಗೆ ವಾಕರಿಕೆ ಬರತೊಡಗಿತು. ಹೆತ್ತ ಕೂಸನ್ನು ಕಂಡು ಹೇಸಿಗೆ ಪಡುವವಳು ಎಂಥ ಹೆಂಗಸು ಎಂದು ನನ್ನ ಮೇಲೇ ಅಸಹ್ಯವಾಗುತ್ತಿತ್ತು. ಇದನ್ನು ಯಾರ ಹತ್ತಿರ ಹೇಳುವುದು? ಅಮ್ಮನಿಗೆ ಹೇಳಿದರೆ ಎದೆ ಒಡೆದುಕೊಳ್ಳುತ್ತಿದ್ದಳು. ಗಂಡನಿಗೆ ಒಮ್ಮೆ ಹೇಳಲು ಹೋದೆ. "ರೆಸ್ಟ್ ತಗೋ" ಎಂದ. ರೆಸ್ಟಂತೆ!

ಆ ನಡುವೆಯೇ ಓಣಿಯಲ್ಲಿ ಒಂದು ಸುದ್ದಿ ಹುಟ್ಟಿತು. ನನ್ನ ಗಂಡ ಕಳ್ಳದಾರಿಯಲ್ಲಿ ಗೋವಾದಿಂದ ಬಂದು ಮನೆಯೊಳಗೆ ಅಡಗಿದ್ದಾನಂತೆ. ಅಷ್ಟು ದಿನ ಗೋಡೆಯ ಮೇಲೆ ಹಾಲಿನ ಪ್ಯಾಕೆಟ್ ಇಟ್ಟು ಹೋಗುತ್ತಿದ್ದ ನೆರೆಮನೆಯವಳೂ ನಿಲ್ಲಿಸಿದಳು. ಯಾರೋ ದೂರು ಕೊಟ್ಟು, ನಗರಸಭೆಯ ಇಬ್ಬರು ಬಂದು ಮಂಚದ ಕೆಳಗೆಲ್ಲ ಬಗ್ಗಿ ನೋಡಿ ಹೋದರು. ಮಂಚದ ಕೆಳಗೆ ಕೂಸಿನ ಒದ್ದೆ ಬಟ್ಟೆಯ ಬುಟ್ಟಿಯಿತ್ತು. ಒಬ್ಬ ಮೂಗು ಮುಚ್ಚಿಕೊಂಡ. ದೂರು ಕೊಟ್ಟವರೋ, ಕೆಲ ದಿನಗಳ ಹಿಂದೆ ಗೇಟಿನಲ್ಲಿ ನಿಂತು ಬಟ್ಟಲು ಬಡಿದು ಸೇವೆ ಮಾಡುವವರಿಗೆ ಕೈ ಮುಗಿದ ಓಣಿಯವರು, ನೆನಪಿರಲಿ. ಹುಡುಕಲು ಬಂದವರು ಹೋದದ್ದೇ ಆಯಿ ಅಂಗಳಕ್ಕೆ ಇಳಿದು, ಸೊಂಟಕ್ಕೆ ಕೈಯಿಟ್ಟು, ಯಾರ ಹೆಸರನ್ನೂ ಹಿಡಿಯದೆ ಓಣಿಗೆ ಕೇಳುವಂತೆ ಕೂಗಿದರು. "ಬಾಣಂತಿ ಮಂಚದ ಅಡಿಗೆ ಗಂಡನ್ನ ಹುಡುಕೂಕೆ ಬಂದ್ರಾ? ಹುಡುಕೂಕೆ ಬತ್ತದೆ, ಒಂದು ಲೋಟ ಚಾ ಮಾಡ್ಕೊಡೂಕೆ ಬರೂದಿಲ್ಲ! ನಿಮ್ ಹೊಟ್ಟೇಲಿ ಹುಟ್ಟಿದ್ದಕ್ಕೂ ನಿಮ್ ಬುದ್ಧಿ ಬರದಿರ್ಲಿ. ಥೂ ನಿಮ್ಮ!" ಉಗಿದರು ಕೂಡ. ಉಗಿದ ಜಾಗಕ್ಕೆ ತಾವೇ ಒಂದು ಕೊಡ ನೀರು ಸುರಿದು ತೊಳೆದರು.

ಅಷ್ಟಾದರೂ ಅವರು ನನ್ನ ಬಾಗಿಲ ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಗಂಜಿ, ಸಾರು ಇಟ್ಟು ದೂರ ನಿಂತು ಕೂಗುತ್ತಿದ್ದರು. ರೋಗದ ಹೆದರಿಕೆ ಅವರಿಗೂ ಇತ್ತು.

ಒಂದು ಮಧ್ಯಾಹ್ನ ಕೂಸು ಅಳುತ್ತಿತ್ತು. ನಾನು ಬಚ್ಚಲ ಹೊಸ್ತಿಲಲ್ಲಿ ಕೂತಿದ್ದೆ. ಎದ್ದು ಹೋಗಿ ಎತ್ತಿಕೊಳ್ಳಬೇಕು ಎಂದು ಗೊತ್ತಿತ್ತು. ಏಳಲಿಲ್ಲ. ಎದ್ದರೆ ಅದರ ಬಾಯಿ ಮುಚ್ಚಿಬಿಡುತ್ತೇನೆಂಬ ಭಯ. ದಿಂಬು ಅಲ್ಲೇ ಕೂಸಿನ ಪಕ್ಕದಲ್ಲಿತ್ತು. ಅದರ ಮೇಲೆ ಕಣ್ಣು ಹೋಗಬಾರದೆಂದು ಗೋಡೆ ನೋಡುತ್ತ ಕೂತೆ. ಅಳು ಬಹಳ ಹೊತ್ತು ನಿಲ್ಲದ್ದನ್ನು ಕೇಳಿ ಆಯಿ ಬಾಗಿಲು ದೂಡಿಕೊಂಡು ಬಂದರು. ನನ್ನನ್ನು ನೋಡಿದರು, ಕೂಸನ್ನು ನೋಡಿದರು.

"ಆಯಿ, ಇದನ್ನ ಯಾರಾದ್ರೂ ತಗೊಂಡು ಹೋಗ್ಲಿ" ಎಂದೆ. "ನಂಗೆ ಇದನ್ನ ಕಂಡ್ರೆ ಹೇಸಿಗೆ ಆಗ್ತದೆ. ಏನಾದ್ರೂ ಮಾಡಿಬಿಡ್ತೇನೆ."

ಅವರು ಬಾಯಿಗೆ ಸೆರಗು ಹಿಡಿಯಲಿಲ್ಲ. ಅಯ್ಯೋ ಎನ್ನಲಿಲ್ಲ. ನಲ್ಲಿ ಬಿಟ್ಟು ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೊಂಡರು, ಕೂಸನ್ನೆತ್ತಿ ತಂದರು, ಬಚ್ಚಲಲ್ಲಿ ಮಣೆಯ ಮೇಲೆ ಕೂತು ಕಾಲು ಚಾಚಿ ಅದನ್ನು ಕಾಲ ಮೇಲೆ ಕವುಚಿ ಮಲಗಿಸಿಕೊಂಡರು. ಎಣ್ಣೆ ತಿಕ್ಕುತ್ತ, ನನ್ನತ್ತ ನೋಡದೆ ಮಾತಾಡಿದರು.

"ಹೇಸಿಗೆ ಆದ್ರೆ ಹೇಸಿಗೆ ಅನ್ನು ತಂಗಿ. ಇದಕ್ಕೆಂತ ಅರ್ಥ ಆಗ್ತದ್ಯಾ? ನಾನು ನನ್ನ ಮಗಳನ್ನ ಅಂಕೋಲೆ ಬಸ್ ಸ್ಟ್ಯಾಂಡಲ್ಲಿ ಬಿಟ್ಟಿಕ್ಕಿ ಹೋಗಿದ್ದೆ."

ನಾನು ತಲೆಯೆತ್ತಿದೆ.

"ಹ್ಞಾಂ. ಆಗ ಅದಕ್ಕೆ ಇನ್ನೂ ಮೊಲೆ ಬಿಡಿಸಿರ್ಲಿಲ್ಲ. ಕೇಣಿಯಿಂದ ತಿರುಗಿ ಇಲ್ಲಿಗೆ ಬರೂದು. ಇಲ್ಲಿ ಅತ್ತೆ, ಗಂಡನ ಕುಡಿತ, ಇದ್ರ ಅಳು. ಬೇಡ ಅನ್ನಿಸ್ತು. ಅಲ್ಲಿ ಹೂ ಮಾರೂಕೆ ಕೂತವಳ ಹತ್ರ, ಸ್ವಲ್ಪ ನೋಡ್ಕ, ಈಗ ಬಂದೆ ಅಂದೆ. ಕಾರವಾರದ ಬಸ್ ಹತ್ತಿ ಕೂತೆ. ಹಗೂರ ಆತು ನೋಡು. ಅಷ್ಟು ಹಗೂರ ನಂಗೆ ಮತ್ತೆ ಯಾವಾಗ್ಲೂ ಆಗ್ಲಿಲ್ಲ."

"ಮತ್ತೆ?"

"ಮತ್ತೆಂತ? ಅರ್ಧ ದಾರಿ ದಾಟಿ ಅಮದಳ್ಳಿ ಬರೂದ್ರೊಳಗೆ ಎದೆ ಕಟ್ತು. ಹಾಲು ಸೋರಿ ಪೊಲಕ ಎಲ್ಲಾ ಒದ್ದೆ. ಪಕ್ಕದ ಸೀಟಿನ ಗಂಡ್ಸು ನೋಡಿ ಮುಖ ತಿರುಗಿಸ್ದ. ನಂಗೆ ಹೇಸಿಗೆ ಆತು. ಇಳ್ದೆ. ಅಂಕೋಲೆ ಬಸ್ ಸಿಕ್ತು, ತಿರುಗಿ ಹೋದೆ. ಪ್ರೀತಿ ಉಕ್ಕಿ ಬಂದೆ ಅಂತ ತಿಳೀಬೇಡ. ಎದೆ ನೋಯ್ತಿತ್ತು, ಅದಕ್ಕೆ ಬಂದೆ. ಆ ಹೂವಿನವಳು ನಂಗೆ ಬೈದದ್ದು ಬೈಗುಳ ಅಲ್ಲ, ಬೆಂಕಿ. ಬೈಸ್ಕಂಡು, ಅಲ್ಲೇ ಬೆಂಚಿನ ಮೇಲೆ ಕೂತು ಕುಡಿಸ್ದೆ."

"ಆಮೇಲೆ ಪ್ರೀತಿ ಬಂತಾ ಆಯಿ?"

ಅವರು ಯೋಚಿಸಿದರು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. "ಬಂತು. ತಡ ಆತು. ಅಷ್ಟ್ರ ತನಕ ಮೀಸೂದು, ಕುಡಿಸೂದು, ಬಟ್ಟೆ ಒಗೂದು. ಅಷ್ಟು ಮಾಡಿದ್ರೆ ಸಾಕು, ಅದಕ್ಕೆ ಪ್ರೀತಿಯೆಂತ ಗೊತ್ತಾಗ್ತದೆ? ನಿಂಗೆ ಅದೂ ಆಗ್ದಿದ್ರೆ ನನ್ನ ಕೂಗು. ಮನಸ್ಸಲ್ಲಿ ಇಟ್ಕಂಡು ಒಬ್ಬಳೇ ಕೂರಬೇಡ."

ಕೂಸನ್ನು ಮೀಯಿಸಿ ಬಟ್ಟೆ ಸುತ್ತಿ ಮಲಗಿಸಿದರು. ಆಮೇಲೆ "ಬಾ, ಕೂರು" ಎಂದು ನನ್ನನ್ನೇ ಮಣೆಯ ಮೇಲೆ ಕೂರಿಸಿ, ಜಿಡ್ಡುಗಟ್ಟಿದ ತಲೆಗೆ ಎಣ್ಣೆ ಹಾಕಿ, ಬೆನ್ನಿಗೆ ಸುಡುಸುಡು ನೀರು ಸುರಿದರು. "ಥೂ, ಎಂತ ನಾತವೇ ನಿಂದು!" ಎಂದು ಬೈಯುತ್ತಲೇ ತಿಕ್ಕಿದರು. ಹೆರಿಗೆಯಾದ ಮೇಲೆ ಮನುಷ್ಯರ ಕೈ ನನ್ನ ಮೈಗೆ ಸೋಕಿದ್ದು ಅದೇ ಮೊದಲು. ಅತ್ತೆ, ಬಾಯಿ ಬಿಟ್ಟು ಅತ್ತೆ. ಅವರು ಅಳಬೇಡ ಎನ್ನದೆ ಮತ್ತೊಂದು ತಂಬಿಗೆ ನೀರು ಸುರಿದರು.

ಮಾರನೇ ದಿನದಿಂದ ಅವರು ದಿನವೂ ಬಂದರು. ನಾನೂ ದಿನವೂ ಹೇಳಿದೆ, ಇವತ್ತು ಇಷ್ಟು ಹೇಸಿಗೆ, ಇವತ್ತು ಸ್ವಲ್ಪ ಕಡಿಮೆ ಎಂದು. ದಿಂಬಿನ ವಿಷಯವನ್ನೂ ಹೇಳಿದೆ. ಅವರು ಮನೆಯಲ್ಲಿದ್ದ ದಿಂಬುಗಳನ್ನೆಲ್ಲ ಒಯ್ದು ತಮ್ಮ ಕಪಾಟಿನಲ್ಲಿಟ್ಟರು. ಸರಕಾರಿ ಆಸ್ಪತ್ರೆಯ ನರ್ಸಬಾಯಿಗೆ ತಾವೇ ಫೋನ್ ಮಾಡಿ, ಡಾಕ್ಟರು ನನ್ನ ಹತ್ತಿರ ಮಾತಾಡುವ ಹಾಗೆ ಮಾಡಿದರು. ಗುಳಿಗೆ ನುಂಗಿದೆ. ಮಳೆಗಾಲಕ್ಕೆ ಗಂಡ ಬಂದ. ಕೂಸು ಯಾವಾಗ ನನ್ನದಾಯಿತೋ ಹೇಳಲಾರೆ. ಒಂದು ದಿನ ಅದು ಸೀನಿದ್ದಕ್ಕೆ ನಾನು ನಕ್ಕೆ, ಅಷ್ಟೇ ನೆನಪು.

ಕೊರೋನಾ ಹೋದ ಮೇಲೂ ನಾವು ಅದೇ ಮನೆಯಲ್ಲೇ ಉಳಿದೆವು. ಕೆಲವು ವರ್ಷದ ನಂತರ ಒಂದು ಬೆಳಿಗ್ಗೆ, ಅಂಗಳದ ನಲ್ಲಿಯ ಹತ್ತಿರ, ಆಯಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿಯಿಂದ ಮಗಳು ಬಂದಳು. ಓಣಿಗೆ ಓಣಿಯೇ ಜಗಲಿಯಲ್ಲಿ ಸೇರಿ, ಎಂಥ ತಾಯಿ, ತಾಯಿ ಅಂದರೆ ಹೀಗಿರಬೇಕು, ಮಗಳನ್ನು ಒಂದು ಗಳಿಗೆ ಬಿಟ್ಟವಳಲ್ಲ ಎಂದು ರಾಗ ಎಳೆಯುತ್ತಿತ್ತು. ಮಂಚದ ಕೆಳಗೆ ಹುಡುಕಿಸಿದವರೂ ಅದರಲ್ಲಿದ್ದರು. ನಾನು ಎದ್ದು ಹಿತ್ತಲ ಕಟ್ಟೆಗೆ ಹೋಗಿ ಕೂತೆ.

ಮಗಳು ಅಳಲಿಲ್ಲ. ಅವಳೂ ಎದ್ದು ಬಂದು ನನ್ನ ಪಕ್ಕ ಕೂತಳು. "ನಾ ಆಯಿ ಹಾಂಗೆ ಆಗ್ಲಿಲ್ಲ" ಎಂದಳು. "ಆ ಲಾಕ್‌ಡೌನಲ್ಲಿ ಸಣ್ಣವನಿಗೆ ಸೌಟಲ್ಲಿ ಹೊಡ್ದಿದ್ದೆ. ಹಣೆ ಒಡೆದು ರಕ್ತ ಬಂದಿತ್ತು. ಅವ ಇವತ್ತಿಗೂ ನಾ ಕೈ ಎತ್ತಿದ್ರೆ ಸರೀತಾನೆ, ತಲೆ ಬಾಚೂಕೆ ಎತ್ತಿದ್ರೂ. ಆಯಿಗೆ ಹೇಳ್ಲಿಲ್ಲ. ಹೇಳಿದ್ರೆ ನನ್ನ ಮುಖ ಕಂಡು ಹೇಸ್ಕಳ್ತಿದ್ಳು."

ಒಳಗೆ ರಾಗ ನಡೆದೇ ಇತ್ತು. ಸತ್ತವರ ಗುಟ್ಟು ನನ್ನದಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಪಕ್ಕದಲ್ಲಿ ಕೂತವಳ ಮುಖ ನನಗೆ ಗೊತ್ತಿತ್ತು. ಲಾಕ್‌ಡೌನಿನ ಆ ಮಧ್ಯಾಹ್ನ ಗೋಡೆ ನೋಡುತ್ತ ಕೂತ ನನ್ನದೂ ಇದೇ ಮುಖವಾಗಿತ್ತು. ಅವಳ ಕೈ ಹಿಡಿದು, ಅಂಕೋಲೆಯ ಬಸ್ ಸ್ಟ್ಯಾಂಡು, ಹೂವಿನವಳು, ಒದ್ದೆ ಪೊಲಕ, ಎಲ್ಲವನ್ನೂ ಆಯಿ ಹೇಳಿದ ಹಾಗೆಯೇ ಹೇಳಿದೆ. ಪ್ರೀತಿ ಉಕ್ಕಿ ಬರಲಿಲ್ಲ ಎಂಬುದನ್ನೂ ಬಿಡಲಿಲ್ಲ.

ಅವಳು ಕೈ ಬಿಡಿಸಿಕೊಂಡಳು. ನಾನು ತಪ್ಪು ಮಾಡಿದೆ ಎಂದುಕೊಂಡೆ.

"ಎಲ್ಲೀ ತನಕ ಹೋಗಿದ್ಳು?"

"ಅಮದಳ್ಳಿ ತನಕ."

ಅವಳು ಎದ್ದು ಒಳಗೆ ಹೋದಳು. ರಾಗ ಎಳೆಯುತ್ತಿದ್ದ ಹೆಂಗಸರನ್ನು ಸರಿಸಿ, ತಾಯಿಯ ಪಕ್ಕ ನೆಲಕ್ಕೆ ಕೂತು, ಬಗ್ಗಿ, ಅವರ ಕಿವಿಯ ಹತ್ತಿರ ಬಾಯಿಯಿಟ್ಟಳು.

"ನಂಗೆ ಹೇಳ್ಬೇಕಿತ್ತು ಆಯಿ" ಎಂದಳು. "ನಾ ಬೈತಿರ್ಲಿಲ್ಲ."

ಆಮೇಲೆ ಅಳತೊಡಗಿದಳು.